ಎಡಮೂಗಿನ ಮುಹೂರ್ತ

ಸಿದ್ಧೇಶ್ವರ ಮೂಗೆಳೆದ ಸದ್ದಿಗೇ ಪ್ರಣೀತಾಳ ಸಿಟ್ಟು ನೆತ್ತಿಗೇರಿತ್ತು. ಮಹಾಪೆಯ ಆಫೀಸಿಗೆ ಸೇರಿದ ಹೊಸತು ಅದು. ಅಮೆರಿಕದ ರೋಗಿಗಳ ಚಾರ್ಟ್ ಓದಿ, ಡಾಕ್ಟರು ಬರೆದ ಕಾಯಿಲೆಗೆ ಸರಿಯಾದ ಕೋಡ್ ಹಾಕುವುದು ಅವಳ ಕೆಲಸ. ಅದರಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ಬೆನ್ನ ಹಿಂದೆ ಬಂದು ನಿಂತು, ಸ್ಕ್ರೀನ್ ನೋಡಿ, ಸೊರ್ರೆಂದು ಮೂಗೆಳೆದರೆ ಅದು ತಿರಸ್ಕಾರವಲ್ಲದೆ ಮತ್ತೇನು?

"ಎಂತ, ಅಷ್ಟು ಹಾಳು ಉಂಟಾ ನನ್ನ ಕೆಲಸ?"

"ಅಯ್ಯ, ಇಲ್ರಿ! ನೆಗಡಿ ರೀ ನನಗ." ಅವನು ಗಾಬರಿಯಾಗಿ ಕರ್ಚೀಫು ತೆಗೆದ. "ಆದ್ರ ತಪ್ಪಂತೂ ಐತಿ. ಬರೇ 'ಕ್ರಾನಿಕ್ ಸೈನಸೈಟಿಸ್, ಅನ್‌ಸ್ಪೆಸಿಫೈಡ್' ಅಂತ ಹಾಕೀರಿ. ಯಾವ ಸೈನಸ್ ಅಂತ ಡಾಕ್ಟ್ರು ಕೆಳಗ ಬರದಾರ, ನೋಡ್ರಿ. ಗಲ್ಲದ್ದು."

"ಎಡಗಡೆ ಅಂತಲೂ ಬರೆದಿದ್ದಾರಲ್ಲ. ಅದನ್ನು ಎಲ್ಲಿ ಹಾಕುದು?"

"ಅದನ್ನ ಬಿಟ್ಟುಬಿಡ್ರಿ. ಕಣ್ಣಿಗೆ, ಕಿವಿಗೆ ಎಡ-ಬಲ ಅಂತ ಬ್ಯಾರೆ ಕೋಡ್ ಅದಾವ. ಈ ಸೈನಸ್‌ಗೆ ಇಲ್ಲ. ಎಡ ಆದ್ರೂ ಅದ ಕೋಡ್, ಬಲ ಆದ್ರೂ ಅದ ಕೋಡ್."

ಅಂದು ಆ ಪಾಠವನ್ನು ಅವಳು ಚೆನ್ನಾಗಿ ಕಲಿತಳು. ಕಲಿಯಬಾರದಿತ್ತು.

ಸಿಟ್ಟು ಇಳಿದ ಜಾಗದಲ್ಲಿ ಬೇರೆ ಏನೋ ಏರತೊಡಗಿತು. ಅವನ ಮನೆ ಕಾಮೋಠೆಯಲ್ಲಿ, ಪನ್ವೇಲ್ ಕಡೆಗೆ, ಥಾಣೆಗೆ ತದ್ವಿರುದ್ಧ ದಿಕ್ಕು. ಅವಳದ್ದು ಡೊಂಬಿವಲಿ, ಥಾಣೆಗೆ ಹೋಗಿ ಗಾಡಿ ಬದಲಿಸಬೇಕು. ಆದರೂ ಸಂಜೆ ಅವನು ಹತ್ತುತ್ತಿದ್ದದ್ದು ಥಾಣೆಯ ಲೋಕಲ್ಲೇ.

"ಥಾಣೆಯಲ್ಲಿ ದಿನಾ ಎಂತ ಕೆಲಸ ಮಾರಾಯ್ರೆ ನಿಮಗೆ?"

"ವಾಗ್ಳೆ ಎಸ್ಟೇಟ್‌ನ್ಯಾಗ ನಮ್ಮ ಕಾಕಾ ಅದಾರ್ರಿ."

"ಕಾಕನನ್ನು ದಿನಾ ನೋಡ್ಬೇಕಾ?"

"ಭಾಳ ಪ್ರೀತಿ ರೀ," ಎಂದ ಅವನು. ಕಣ್ಣು ಮಾತ್ರ ಕಾಕನ ದಿಕ್ಕಿನಲ್ಲಿ ಇರಲಿಲ್ಲ. ಲೇಡೀಸ್ ಡಬ್ಬಾ ಬಿಟ್ಟು ಅವನಿದ್ದ ಜನರಲ್ ಡಬ್ಬಕ್ಕೆ ನುಗ್ಗುತ್ತಿದ್ದ ಅವಳಿಗಾದರೂ ಮತ್ತೆ ಕೇಳಲು ಬಾಯಿ ಎಲ್ಲಿತ್ತು? ಕಿಟಕಿಯ ಕಡೆ ತಿರುಗಿ ನಕ್ಕಳು. ಗಾಜಿನಲ್ಲಿ ಅವನು ಆ ನಗುವನ್ನು ನೋಡಿಯೇಬಿಟ್ಟ.

ಒಂದೇ ತಕರಾರು. ಥಾಣೆ ಹತ್ತಿರ ಬಂದಂತೆ ಅವನು "ಪ್ರಣೀತಾ, ಒಂದ್ ಮಾತು…" ಎನ್ನುತ್ತಿದ್ದ. ಅವಳ ಎದೆ ಢವಢವ. ಆಮೇಲೆ ಹೆಬ್ಬೆರಳಿನಿಂದ ಬಲಮೂಗು ಒತ್ತಿ ಉಸಿರೆಳೆದು ನೋಡಿ, ಮುಖ ಸಪ್ಪಗೆ ಮಾಡಿ, "ನಾಳೆ ಹೇಳ್ತೀನ್ರಿ" ಎಂದುಬಿಡುತ್ತಿದ್ದ. ಗಣಪತಿ ಹೋಯಿತು, ನವರಾತ್ರಿ ಹೋಯಿತು, ದೀಪಾವಳಿಯೂ ಕಳೆಯಿತು. ಪುಕ್ಕಲ, ಇನ್ನೇನು!

ಒಂದು ಸಂಜೆ ಥಾಣೆಯ ಪ್ಲಾಟ್‌ಫಾರ್ಮಿನಲ್ಲಿ ಅವಳು ದಾರಿಗೆ ಅಡ್ಡ ನಿಂತಳು. "ಇವತ್ತು ಹೇಳದಿದ್ರೆ ನಾಳೆಯಿಂದ ನಾನು ಲೇಡೀಸ್ ಡಬ್ಬಾ."

"ನಗಬ್ಯಾಡ್ರಿ ಮತ್ತ." ಅವನ ಕಿವಿ ಕೆಂಪಾಯಿತು. "ನಮ್ಮ ಆಯಿ ಹೇಳ್ಯಾಳ. ಶುಭಕಾರ್ಯದ ಮಾತನ್ನ ಎಡಮೂಗಿನಾಗ ಉಸಿರು ಆಡೂ ಹೊತ್ತಿನ್ಯಾಗನ ಆಡಬೇಕಂತ. ಎಡದ್ದು ಚಂದ್ರ, ತಂಪು. ಬಲದ್ದು ಸೂರ್ಯ, ಜಗಳಕ್ಕ. ಏನ್ ಮಾಡ್ಲಿ, ನನ್ನ ಚಂದ್ರ ಹುಟ್ಟವಲ್ಲ!"

ಶುಭಕಾರ್ಯ! ಆ ಒಂದು ಪದಕ್ಕೆ ಅವಳ ಕೆನ್ನೆ ಬಿಸಿಯಾಯಿತು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. "ಅಯ್ಯೋ ದೇವರೇ, ಇದಕ್ಕಾ ಇಷ್ಟು ಸತಾಯಿಸಿದ್ದು? ಯಾವಾಗಿಂದ ಕಟ್ಟಿದೆ ನಿಮ್ಮ ಚಂದ್ರ?"

"ಮಳಿಗಾಲದಾಗ ಕಟ್ಟಿದ್ದು. ಬಲದ್ದು ಆರಾಮ ಐತಿ. ಎಡದ್ದು ಒಂದು ದಿನಾನೂ ಬಿಟ್ಟಿಲ್ಲ."

ಅವಳ ನಗು ಅರ್ಧಕ್ಕೇ ನಿಂತಿತು. ಅವನು ಮೂಗೊರೆಸಿಕೊಂಡ ಕರ್ಚೀಫನ್ನು ಕಸಿದು ಬಿಡಿಸಿದಳು. ನಸುಗೆಂಪು ಕಲೆ.

"ಇದೆಂತದು?"

"ತಿಕ್ಕಿ ತಿಕ್ಕಿ ಕೆಂಪಾಗೇತಿ, ಬಿಡ್ರಿ."

ಒಂದೇ ಕಡೆ. ರಕ್ತ. ಅಂಥ ಚಾರ್ಟುಗಳನ್ನು ಅವಳು ಓದಿದ್ದಳು. ಸೈನಸ್ಸಿನ ಕೋಡುಗಳೆಲ್ಲ 'ಜೆ' ಅಕ್ಷರದವು. ಅಂಥ ಕೆಲವು ರೋಗಿಗಳ ಚಾರ್ಟು ಮತ್ತೊಮ್ಮೆ ಬಂದಾಗ 'ಜೆ' ಇರುತ್ತಿರಲಿಲ್ಲ, 'ಸಿ' ಇರುತ್ತಿತ್ತು. 'ಸಿ' ಕ್ಯಾನ್ಸರಿನದು. ಡಾಕ್ಟರು ಬರೆಯದ್ದನ್ನು ಕೋಡರ್ ಊಹಿಸಬಾರದು ಎನ್ನುವುದು ಅವರ ಕೆಲಸದ ಮೊದಲ ನಿಯಮ. ಅವಳು ಆ ನಿಯಮವನ್ನು ಗಟ್ಟಿಯಾಗಿ ಹಿಡಿಯಲು ನೋಡಿದಳು. ಕರ್ಚೀಫನ್ನು ಮಡಿಸಿ ಅವನ ಕೈಗಿಟ್ಟಳು.

"ನಾಳೆಯೇ ಡಾಕ್ಟರ ಹತ್ರ ಹೋಗ್ಬೇಕು."

"ನೆಗಡೀಗಾ?"

"ನೆಗಡಿ ಎರಡೂ ಕಡೆ ಬರ್ತದೆ, ಸಿದ್ಧೇಶ್ವರ್."

ಅವನು ಕರ್ಚೀಫು ಬಿಡಿಸಿ ಕಲೆಯನ್ನು ಮತ್ತೊಮ್ಮೆ ನೋಡಿದ. ಅವಳು ಓದಿದ ಚಾರ್ಟುಗಳನ್ನೆಲ್ಲ ಅವನೂ ಓದಿದ್ದವನೇ. ಒಂದು ಫಾಸ್ಟ್ ಲೋಕಲ್ ಕಿವಿ ಕಿವುಡಾಗುವಂತೆ ಹಾದುಹೋಯಿತು. "ಎಡಕ್ಕ ಕೋಡ್ ಇಲ್ಲಲ್ರಿ," ಎಂದು ನಗಲು ನೋಡಿದ. ಆಗಲಿಲ್ಲ.

ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು. ಡಾಕ್ಟರು ಸಮಾಧಾನದವರು, ಬೆರಳಿಟ್ಟು ತೋರಿಸಿದರು: ಎಡಗಲ್ಲದ ಒಳಮೂಳೆ ಒಂದು ಕಡೆ ಸವೆದಿದೆ. ತೆಗೆದು ಪರೀಕ್ಷೆಗೆ ಕಳಿಸೋಣ, ಏನೆಂದು ಈಗಲೇ ಹೇಳಲಾರೆ, ಎಂದರು. 'ಮೂಳೆ' ಎಂಬ ಮಾತು ಕೇಳಿದ ಮೇಲೆ ಪ್ರಣೀತಾ ಬೇರೇನನ್ನೂ ಕೇಳಿಸಿಕೊಳ್ಳಲಿಲ್ಲ.

ಆಪರೇಷನ್ ಮುಗಿದ ಮರುದಿನ ಬೆಳಿಗ್ಗೆ ಅವಳು ವಾರ್ಡಿಗೆ ಬಂದಾಗ ಮಂಚದ ಪಕ್ಕ ಅವನ ಅಜ್ಜಿ, ಕಾಳವ್ವ ಆಯಿ, ಕೂತಿದ್ದಳು. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಉಸಿರು ನೋಡಿ ಮಾತಾಡು ಅಂತ ನಾನ ಹೇಳಿದ್ದೆವ್ವಾ. ನನ್ನಿಂದ ತಡ ಆತೇನ?"

"ಇಲ್ಲ ಅಜ್ಜಿ. ಉಸಿರು ನೋಡಿದ್ದಕ್ಕೇ ಗೊತ್ತಾದದ್ದು. ಇಲ್ಲದಿದ್ರೆ ನಾವಿಬ್ಬರೂ ಇದನ್ನು ನೆಗಡಿ ಅಂತಲೇ ಇರ್ತಿದ್ದೆವು."

ಸಿದ್ಧೇಶ್ವರನ ಎರಡೂ ಹೊಳ್ಳೆಗಳಿಗೆ ಹತ್ತಿ ತುರುಕಿದ್ದರು. ಬಾಯಿಂದ ಉಸಿರಾಡುತ್ತಿದ್ದ. ಮೊದಲ ರಿಪೋರ್ಟು ಸಂಜೆಗೆ ಬರುವುದಿತ್ತು; ಸಂಜೆಯಾಗುತ್ತ ಬಂದಿತ್ತು.

"ಪ್ರಣೀತಾ… ಈಗ ಚಂದ್ರನೂ ಇಲ್ಲ, ಸೂರ್ಯನೂ ಇಲ್ಲ. ಎರಡೂ ಬಂದ್."

"ಹಾಗಾದ್ರೆ ಈಗ ಹೇಳಿ."

"ರಿಪೋರ್ಟ್ ಬರ್ಲಿ ತಡೀರಿ. ಬಂದ ಮ್ಯಾಲ ಹೇಳೂದು ಬ್ಯಾಡ ಅನ್ನಿಸಿದ್ರ—"

"ಅದಕ್ಕೇ ಈಗ." ಅವಳು ಮಂಚದ ಅಂಚಿನಲ್ಲಿ ಕೂತಳು. "ರಿಪೋರ್ಟ್ ಬಂದ ಮೇಲೆ ಹೂಂ ಅಂದ್ರೆ ಕನಿಕರಕ್ಕೆ ಅಂದದ್ದು ಅಂತ ನೀವು ಜನ್ಮ ಇಡೀ ಸಂಶಯ ಪಡ್ತೀರಿ. ನನಗೆ ನೀವು ಬೇಕು. ಈಗ ಹೇಳಿ, ಮಾರಾಯ್ರೆ."

ಆಯಿ ಮೆಲ್ಲಗೆ ಗೋಡೆಯ ಕಡೆ ತಿರುಗಿ ಕೂತಳು.

"ನನ್ನ ಮದಿವಿ ಆಗ್ತೀರೇನ್ರಿ?" ಬಾಯಲ್ಲಿ ಉಸಿರೂ ಮಾತೂ ಒಟ್ಟಿಗೆ ಹೊರಟು ಅರ್ಧ ಗೊರಕೆಯಂತೆ ಕೇಳಿತು.

"ಆಗ್ತೇನೆ."

ಅವನು ಅವಳ ಬೆರಳುಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡ. ಎಡಗೆನ್ನೆಗೆ. ಊದಿಕೊಂಡು ಬೆಚ್ಚಗಿತ್ತು.

ಪರದೆ ಸರಿಯಿತು. ನರ್ಸು. ಬೆಳಿಗ್ಗೆಯೆಲ್ಲ ನಗುನಗುತ್ತ ಓಡಾಡಿದವಳು ಈಗ ನಗಲಿಲ್ಲ. "ರಿಪೋರ್ಟ್ ಆ ಗಯಾ. ಡಾಕ್ಟರ್ ಬುಲಾ ರಹೇ ಹೈಂ. ಘರ್‌ವಾಲೋಂ ಮೇಂ ಸೇ ಕೌನ್ ಆಯೇಗಾ?"

ರಿಪೋರ್ಟು ಬಂದಿತ್ತು; ಡಾಕ್ಟರು ಮನೆಯವರಲ್ಲಿ ಒಬ್ಬರನ್ನು ಕರೆಯುತ್ತಿದ್ದರು. ಆಯಿ ಮೊಣಕಾಲು ಹಿಡಿದು ಏಳತೊಡಗಿದಳು. ಅಷ್ಟರಲ್ಲಿ ಪ್ರಣೀತಾ ಎದ್ದಾಗಿತ್ತು.

"ಆಪ್ ಕೌನ್?" ನೀವು ಯಾರು ಎಂದು ನರ್ಸು ಕೇಳಿದಳು.

ಕೊಂಚ ಹೊತ್ತಿಗೆ ಮುಂಚೆ ಕೇಳಿದ್ದರೆ ಅವಳ ಹತ್ತಿರ ಉತ್ತರವಿರಲಿಲ್ಲ. ಅನ್‌ಸ್ಪೆಸಿಫೈಡ್.

"ಹಮಾರೀ ಶಾದೀ ಹೋನೇವಾಲೀ ಹೈ," ಎಂದು, ತಮ್ಮಿಬ್ಬರ ಮದುವೆಯ ಮಾತನ್ನು ಮೊದಲ ಸಲ ಹೊರಗಿನವರಿಗೆ ಹೇಳಿ, ಅವಳು ನರ್ಸಿನ ಹಿಂದೆ ನಡೆದಳು. ಅವನು ಬಾಯಿಂದ ಉಸಿರೆಳೆಯುವ ಸದ್ದು ಡಾಕ್ಟರ ಬಾಗಿಲಿನವರೆಗೂ ಕೇಳುತ್ತಿತ್ತು.