ಮದುಮಗನ ಪ್ಯಾಂಟು

"ಮದಿವಿ ಯಾರ್ದರಿ?" ಎಂದು ಲಖನ ಕೇಳಿದ್ದು ಬರೀ ರೂಢಿಯಿಂದ. ಸೂಟು ಕೊಂಡವರನ್ನೆಲ್ಲ ಅವನು ಹಾಗೇ ಕೇಳುತ್ತಿದ್ದ. ಮೊಣಕಾಲೂರಿ ಪ್ಯಾಂಟಿನ ಅಂಚಿಗೆ ಪಿನ್ನು ಚುಚ್ಚುತ್ತಿದ್ದವನಿಗೆ ಸುರಜ ನಗುತ್ತ ಹೇಳಿದ, "ನಂದರಿ. ಇಕಿ ಜೋಡಿ."

ಇಕಿ ಅಂದರೆ ನೀಲಮ. ಅಳತೆಯ ಚೀಟಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಲಖನ ತಲೆಯೆತ್ತಿ ಒಂದು ಗಳಿಗೆ ಅವಳನ್ನು ನೋಡಿದ, ಮತ್ತೆ ಪಿನ್ನಿಗೆ ಮರಳಿದ. "ಎರಡ ಇಂಚ ಕಮ್ಮಿ ಮಾಡಬೇಕ್ರಿ. ನಾಳಿ ನಾಕಕ್ಕ ಬರ್ರಿ," ಅಂದ. ಅಷ್ಟೇ. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ನೀಲಮಳಿಗೆ.

ಊರೂರಲ್ಲಿ ಶಾಖೆಯಿದ್ದ ಆ ಬಟ್ಟೆ ಕಂಪನಿ ನಿಪ್ಪಾಣಿಗೆ ಬಂದು ಎರಡು ವರ್ಷವಾಗಿತ್ತು. ನೀಲಮ ಗಂಡಸರ ವಿಭಾಗದಲ್ಲಿ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ನಿಂತೇ ಇರಬೇಕು. ಗೋಡೆಗೆ ಒರಗಿದರೂ ಕ್ಯಾಮೆರಾ ನೋಡುತ್ತದೆ. ಇಡೀ ಮಳಿಗೆಯಲ್ಲಿ ಕೂತು ದುಡಿಯುವವನು ಮೆಟ್ಟಿಲ ಕೆಳಗಿನ ಆಲ್ಟರೇಶನ್ ಟೇಲರ್ ಲಖನ ಒಬ್ಬನೇ. ಅವಳು ಚೀಟಿ ತಂದಾಗಲೆಲ್ಲ ಅವನು ಸ್ಟೂಲು ಬಿಟ್ಟು ಎದ್ದುಬಿಡುತ್ತಿದ್ದ.

"ಕುಂಡ್ರ. ನಾ ದಾರ ಪೋಣಿಸೂತನಾ ಕುಂಡ್ರ."

"ಒಂದ ದಾರ ಪೋಣಿಸಾಕ ಐದ ಮಿನಿಟ ಬೇಕೇನ ನಿನಗ?"

"ಕಣ್ಣ ಮಂದ ಆಗ್ಯಾವ."

ಮಂದವಾದ ಆ ಕಣ್ಣುಗಳು ಅವಳ ಮೂಗುಬೊಟ್ಟಿನಿಂದ ಕಿವಿಯ ರಿಂಗಿನವರೆಗೆ ಎಲ್ಲವನ್ನೂ ಅಳೆಯುತ್ತಿದ್ದವು. ಕಳ್ಳ! ಇಷ್ಟಾದರೂ ಪುಣ್ಯಾತ್ಮ ಬಾಯಿಬಿಟ್ಟು ಒಂದು ಮಾತು ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಒಂದೇ ಶಾಖೆಯಲ್ಲಿ ಇಬ್ಬರು ಪ್ರೀತಿ ಗೀತಿ ಅಂತ ಸಿಕ್ಕಿಬಿದ್ದರೆ ಒಬ್ಬರು ಮನೆಗೆ. ಅದು ಕಂಪನಿಯ ಕಾಯಿದೆ. ಬೀಡಿ ಕಟ್ಟಿ ಕಟ್ಟಿ ಬೆನ್ನು ಬಾಗಿದ ಅವ್ವ ಗಂಗೂಬಾಯಿಗೆ ಮಗಳ ಕೆಲಸವೇ ಆಸರೆ. ಹಾಗಾಗಿ ನೀಲಮಳೂ ಸುಮ್ಮನಿದ್ದಳು. ಅಷ್ಟರಲ್ಲಿ ಸೋದರಮಾವನ ಮಗ, ಅಂಕಲಿಯ ಸುರಜನ ಮಾತು ಬಂತು. ಅವ್ವ ಹೂಂ ಅಂದೇಬಿಟ್ಟಳು. ಸ್ಟಾಫಿಗೆ ರಿಯಾಯಿತಿ ಇದೆಯೆಂದು ಅಳಿಯನನ್ನು ಇದೇ ಮಳಿಗೆಗೆ ಕಳಿಸಿದಳು ಕೂಡ.

ಮರುದಿನ ಬೆಳಿಗ್ಗೆ ನೀಲಮ ಬಂದಾಗ ಲಖನ ಏಳಲಿಲ್ಲ.

"ನಿನ್ನಿ ಯಾಕ ಸುಮ್ಮನಿದ್ದಿ?" ಎಂದಳು.

"ನೀ ಯಾಕ ಮೊದಲ ಹೇಳಲಿಲ್ಲ?"

"ಹೇಳಿದ್ರ ಏನ ಮಾಡ್ತಿದ್ದಿ?"

ಅವನು ಕತ್ತರಿ ಕೆಳಗಿಟ್ಟ. "ಹುಡುಗ ಚಲೋ ಅದಾನ. ಫ್ಯಾಕ್ಟರಿ ಕೆಲಸ ಐತಿ. ನನ್ನ ಹಂತ್ಯಾಕ ಏನೈತಿ, ಒಂದ ಟೇಪು."

"ಹಂಗಾರ ಚಂದಂಗ ಹೊಲಿ. ನನ್ನ ಲಗ್ನದ ಪ್ಯಾಂಟ ಐತಿ ಅದು."

ಹಾಗೆ ಹೇಳಿ ಬಂದಳು. ಆದರೆ ಶರ್ಟು ಮಡಚುವಾಗಲೂ ಕಿವಿ ಅತ್ತಲೇ. ಮಷಿನ್ನು ಸದ್ದು ಮಾಡಿದಾಗಲೆಲ್ಲ ಮಡಿಕೆ ತಪ್ಪುತ್ತಿತ್ತು. ಅವನು ಆ ಪ್ಯಾಂಟು ಹೊಲಿದು ಕೊಟ್ಟನೆಂದರೆ ತನ್ನನ್ನು ಬಿಟ್ಟುಕೊಟ್ಟಂತೆಯೇ. ಗಿರಾಕಿಗಳಿಗೆ ನಗುನಗುತ್ತ "ಬರ್ರಿ ಸರ್" ಅನ್ನುವುದು ಮಾತ್ರ ತಪ್ಪಲಿಲ್ಲ. ಅಳು ಬಂದರೂ ನಗಬೇಕು, ಅದಕ್ಕೇ ಪಗಾರ.

ನಾಲ್ಕಕ್ಕೆ ಸುರಜ ಬಂದ, ಜೊತೆಗೆ ಗಂಗೂಬಾಯಿ. ಲಖನ ತಂದಿಟ್ಟ ಪ್ಯಾಂಟಿನಲ್ಲಿ ನಿನ್ನೆಯ ಪಿನ್ನುಗಳು ಹಾಗೇ ಇದ್ದವು.

"ಇದೇನಪಾ?" ಎಂದರು ಮ್ಯಾನೇಜರ್ ಜಕ್ಕಪ್ಪ.

"ಹೊಲೀಲಿಲ್ರಿ ಸರ್. ಮುಂಜಾನಿಂದ ಮೂರ ಸಲ ಮಷಿನ್ನಿಗೆ ಹಚ್ಚಿದೆ. ಪೆಡಲ್ ತುಳಿಯಾಕ ಕಾಲ ಏಳಲಿಲ್ಲ." ಅವನು ಸುರಜನ ಕಡೆ ತಿರುಗಿದ. "ತಪ್ಪ ತಿಳ್ಕೋಬ್ಯಾಡ್ರಿ ಅಣ್ಣಾರ. ನೀಲಮ ನನಗ ಬೇಕಾಗ್ಯಾಳ."

ಗಂಗೂಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಸುರಜ ನೀಲಮಳನ್ನೇ ನೋಡಿದ. "ನೀ ಏನಂತಿ?"

ಗಿರಾಕಿಗೆ ಇಲ್ಲ ಅನ್ನಬಾರದು ಎಂದು ಕಂಪನಿ ಕಲಿಸಿತ್ತು. ಅವ್ವನಿಗಂತೂ ಅವಳು ಹುಟ್ಟಿದಾಗಿನಿಂದ ಹಾಗೆ ಅಂದವಳಲ್ಲ.

"ನಾ ಒಲ್ಲೆ ಮಾಮಾ," ಅಂದಳು ಸುರಜನಿಗೆ. "ನಿಂದೇನ ತಪ್ಪಿಲ್ಲ. ನನಗ ಇಂವಾ ಬೇಕು."

"ಮಾನಾ ಕಳದಿಯಲ್ಲಾ," ಎಂದು ಗಂಗೂಬಾಯಿ ಹೊರಟೇಹೋದಳು. ಸುರಜ ಪ್ಯಾಂಟು ಮಡಚಿಕೊಂಡ. "ಇರ್ಲಿ ಬಿಡ್ರಿ, ಅಂಕಲ್ಯಾಗೂ ಪ್ಯಾಂಟ ಹೊಲಿಯೂ ಸಿಂಪಿಗ್ಯಾರ ಅದಾರ," ಎಂದು ನಗಲು ನೋಡಿದ. ನಗು ಬರಲಿಲ್ಲ, ಪಾಪ.

ಜಕ್ಕಪ್ಪ ದನಿ ತಗ್ಗಿಸಿದರು. "ರೂಲ್ ಗೊತ್ತೈತಲ್ಲ? ನಾಳಿಂದ ಇಬ್ಬರಾಗ ಒಬ್ರ ಅಷ್ಟ."

"ನಾ ಹೋಗ್ತೀನ್ರಿ," ಅಂದ ಲಖನ, ನೀಲಮ ಬಾಯಿ ತೆರೆಯುವ ಮೊದಲೇ.

ಮೆಟ್ಟಿಲ ಕೆಳಗೆ ಅವನು ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಅವಳು ಹಿಂದೆಯೇ ಬಂದಳು.

"ಎಲ್ಲಿ ಹೋಗ್ತಿ?"

"ಚಿಕ್ಕೋಡಿಗೆ. ಕಾಕಾನ ಅಂಗಡ್ಯಾಗ ಒಂದ ಮಷಿನ್ ಖಾಲಿ ಐತಿ."

"ನನ್ನ ಇಲ್ಲೇ ಬಿಟ್ಟ?"

"ನಿಮ್ಮವ್ವ ಅಳಾಕತ್ತಿರ್ತಾಳ. ಮೊದಲ ಆಕಿನ್ನ ನೋಡ. ಮಂಗಳವಾರ ನಿನಗ ವಾರದ ರಜಾ, ಅವತ್ತ ಮನಿಗೆ ಬರ್ತೀನಿ."

"ಬೈತಾಳ. ಇಡೀ ಓಣಿ ಕೇಳೂಹಂಗ ಬೈತಾಳ."

"ಬೈಲಿ," ಎಂದು ಲಖನ ಕ್ಯಾಮೆರಾದ ಎದುರಿಗೇ ಅವಳ ಕೈ ಹಿಡಿದ. "ಬೈಸ್ಕೊಳ್ಳಾಕ ಬರಾಕತ್ತೀನಿ."