ಪೀಠಕ್ಕೆ ಕಾಣದ ಫಲಕ

"ಕ್ರಿಯಾಲೋಪ, ಅಧ್ಯಕ್ಷರೇ!"

ಬಾಗಿಲಲ್ಲೇ ನಿಂತು ಕೂಗಿದ ಆ ದನಿಗೆ ಇಡೀ ಸಭಾಂಗಣ ಹಿಂತಿರುಗಿ ನೋಡಿತು.

ಧೂಳು ಮೆತ್ತಿದ ಬೂಟು, ಒಂದು ಕಡೆ ಜಾರಿದ ಕೋಟು, ಬೆವರಿಗೆ ಹಣೆಗಂಟಿದ ಸಣ್ಣ ಸಣ್ಣ ಜಡೆಗಳು... ವಾಕೇಶೊ ಏದುಸಿರು ಬಿಡುತ್ತಿದ್ದಳು. ದೂರದ ವೋಯ್ ಊರಿನಿಂದ ಬೆಳಗ್ಗೆ ಹೊರಟ ಮಟಾಟು ವ್ಯಾನು ಮರಿಯಾಕಾನಿಯಲ್ಲಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಹಾಕಿಕೊಂಡು, ಅವಳು ಮೊಂಬಾಸಾ ಮುಟ್ಟುವಷ್ಟರಲ್ಲಿ ಹಾಜರಿ ಕರೆದು ಮುಗಿದಿತ್ತು. ಬಾಗಿಲ ಬಳಿಯ ಹುಡುಗಿ "ಹಾಜರಿ ಆಗಿಲ್ಲ, ಮತ ಹಾಕೋ ಹಾಗಿಲ್ಲ, ಹಿಂದೆ ಹೋಗಿ ಸುಮ್ನೆ ಕೂತ್ಕೊಳ್ಳಿ" ಎಂದಿದ್ದೇ ತಡ, ಇವಳಿಗೆ ಪಿತ್ತ ನೆತ್ತಿಗೇರಿತು.

ಪೀಠದ ಮೇಲಿದ್ದ ಯುವಕ ಮರದ ಸುತ್ತಿಗೆಯನ್ನು ಕೆಳಗಿಟ್ಟ.

"ಯಾವ ದೇಶ ನೀವು?"

"ಮಾಲಿ!"

"ಮಾಲಿ ಇವತ್ತು ಬರಲ್ಲ ಅಂದ್ಕೊಂಡಿದ್ವಿ. ಹೇಳಿ, ಯಾವ ನಿಯಮ ತಪ್ಪಿದೆ?"

"ತಡವಾಗಿ ಬಂದವರು ಪೀಠಕ್ಕೆ ಒಂದು ಚೀಟಿ ಕಳಿಸಿದ್ರೆ ಸಾಕು, ಆ ಕ್ಷಣದಿಂದ ಹಾಜರು ಅಂತ ನಿಮ್ಮ ನಿಯಮದಲ್ಲೇ ಇದೆ. ಇವರು ನನ್ನ ಚೀಟೀನೇ ತಗೊಳ್ತಿಲ್ಲ!"

"ಎಲ್ಲಿ, ಕೊಡಿ ನೋಡೋಣ."

ಚೀಟಿ ಕೈಯಿಂದ ಕೈಗೆ ದಾಟಿ ಪೀಠಕ್ಕೆ ಹೋಯಿತು. ಅವನು ಅದನ್ನು ಬೆಳಕಿಗೆ ಹಿಡಿದ. ದಾರಿಯಲ್ಲಿ ತಿಂದ, ಎಣ್ಣೆಯಲ್ಲಿ ಕರಿದ ಮಹಮ್ರಿ ಬನ್ನು ಕಟ್ಟಿಕೊಟ್ಟಿದ್ದ ಕಾಗದ! ಅಕ್ಷರಕ್ಕಿಂತ ಎಣ್ಣೆಯ ಕಲೆಯೇ ಜಾಸ್ತಿಯಿತ್ತು.

"ಕ್ರಿಯಾಲೋಪ ಸರಿಯಾಗಿದೆ. ಮಾಲಿ ಹಾಜರು," ಎಂದ. ಆಮೇಲೆ ಮೂಗಿನ ಹತ್ತಿರ ಕಾಗದ ಹಿಡಿದು, "ಮಹಮ್ರಿ ಏನಾದ್ರೂ ಉಳಿದಿದ್ಯಾ?" ಎಂದು ಕೇಳಿಯೇ ಬಿಟ್ಟ.

ಸಭೆ ಗೊಳ್ಳೆಂದಿತು. ವಾಕೇಶೊ ಮುಖ ಬಿಗಿದುಕೊಂಡೇ ತನ್ನ ಜಾಗಕ್ಕೆ ನಡೆದಳು. 'ಎಷ್ಟು ಕೊಬ್ಬು ಇವನಿಗೆ!' ಎಂದುಕೊಂಡಳು. ಆದರೆ ಕೂತ ಮೇಲೆ ಅವಳ ತುಟಿಯಂಚಿನಲ್ಲಿ ನಗು ಇಣುಕಿದ್ದನ್ನು ಪಕ್ಕದಲ್ಲಿದ್ದವರೆಲ್ಲ ನೋಡಿದರು.

ಅವನ ಹೆಸರು ಚಾರೋ. ಮೊಂಬಾಸಾದವನು, ಕಾನೂನು ಓದುತ್ತಿದ್ದವನು. ಕರಾವಳಿಯ ಕಾಲೇಜುಗಳು ಸೇರಿ ವರ್ಷಕ್ಕೊಮ್ಮೆ ನಡೆಸುವ ಈ ಅಣಕು ವಿಶ್ವಸಂಸ್ಥೆಗೆ ಅವನೇ ಸಭಾಧ್ಯಕ್ಷ. ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಗಳಾಗಿ ಕೂತು, ನಿಜವಾದ ರಾಯಭಾರಿಗಳ ಹಾಗೆಯೇ ವಾದಿಸಿ ನಿರ್ಣಯ ಮಾಡುತ್ತಾರೆ. ಆಟವೆಂದು ನಗಬೇಡಿ. ಆ ಮೂರು ದಿನ ಆ ಮಕ್ಕಳಿಗೆ ಅನ್ನ ನೀರು ಬೇಕಿರುವುದಿಲ್ಲ.

ಅಂದು ಸಂಜೆ ಸಮುದ್ರದ ದಂಡೆಯಲ್ಲಿ, ವಿಯಾಜಿ ಕರಾಯಿ ಎಂಬ ಆಲೂಗಡ್ಡೆ ಬಜ್ಜಿ ಕರಿಯುವವನ ಮುಂದೆ ಚಾರೋ ತಾನಾಗಿಯೇ ಬಂದು ನಿಂತ.

"ಮಾಲಿಯವರೇ, ಕೋಪ ಇಳೀತಾ?"

"ಇಳಿಯೋಕೆ ಹುಣಸೆ ಚಟ್ನಿ ಜಾಸ್ತಿ ಹಾಕಿಸ್ಬೇಕು."

ಹಾಕಿಸಿದ. ಅಲ್ಲಿಂದ ಶುರುವಾಯಿತು ನೋಡಿ! ತಿಂಗಳಿಗೊಮ್ಮೆ ಅವನು ವೋಯ್‌ಗೆ ಬರುವುದು, ಇವಳು ಮೊಂಬಾಸಾಕ್ಕೆ ಹೋಗುವುದು. ನೆಪ ಮಾತ್ರ ನಿಯಮಗಳ ಚರ್ಚೆ. ಯಾವ ಗೊತ್ತುವಳಿಗೆ ಮೊದಲ ಸ್ಥಾನ, ಯಾವುದಕ್ಕೆ ಮೂರನೇ ಎರಡರಷ್ಟು ಬಹುಮತ ಎಂದು ಖಾರದ ಕಹಾವ ಕಾಫಿ ಕುಡಿಯುತ್ತಾ ಕಚ್ಚಾಡುವುದು. ನೀವು, ತಾವು ಎನ್ನುತ್ತಿದ್ದದ್ದು ಯಾವಾಗಲೋ ನೀನು ಆಯಿತು. ಪ್ರೀತಿ ಎಂಬ ಮಾತನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಒಮ್ಮೆ ಅವನು ಹೇಳಿದ್ದ. "ನೈರೋಬಿಯ ದೊಡ್ಡ ಸಭೆ ಇದ್ಯಲ್ಲ ವಾಕೇಶೊ... ಅದರ ಪೀಠದಲ್ಲಿ ಒಂದ್ಸಲ ಕೂರ್ಬೇಕು. ಬೇರೆ ಆಸೇನೇ ಇಲ್ಲ ನಂಗೆ."

"ಬೇರೆ ಆಸೇನೇ ಇಲ್ವಾ?" ಎಂದಿದ್ದಳು ಅವಳು.

ಅವನು ನಾಚಿಕೊಂಡು ಸಮುದ್ರ ನೋಡಿದ್ದ.

* * *

ಮರುವರ್ಷದ ಸಭೆಯಲ್ಲಿ ವಾಕೇಶೊಗೆ ಬಂದದ್ದು ಚಾಡ್ ದೇಶ. ಬತ್ತುತ್ತಿರುವ ಚಾಡ್ ಸರೋವರದ ನೀರು ಯಾರಿಗೆ ಎಂಬುದು ವಿಷಯ. ನೀರು ಮೊದಲು ದಂಡೆಯಲ್ಲಿ ಬದುಕುವವರಿಗೆ, ಆಮೇಲೆ ದೊಡ್ಡ ಕಾಲುವೆಗಳಿಗೆ ಎಂಬ ನಿರ್ಣಯವನ್ನು ಅವಳೇ ಬರೆದಿದ್ದಳು. ಮೊಂಬಾಸಾಕ್ಕೆ ನೀರು ಹೊರುವ ದಪ್ಪ ಕೊಳವೆಯ ಪಕ್ಕದಲ್ಲೇ ಖಾಲಿ ಡಬ್ಬ ಹಿಡಿದು ಬೆಳೆದ ಹುಡುಗಿ ಅವಳು. ಆ ನಿರ್ಣಯ ಅವಳಿಗೆ ಬರೀ ಕಾಗದವಾಗಿರಲಿಲ್ಲ. ವೋಯ್‌ನ ಆ ಪುಟ್ಟ ಕಾಲೇಜಿನ ನಿರ್ಣಯವೊಂದು ಇದುವರೆಗೆ ಗೆದ್ದದ್ದೇ ಇರಲಿಲ್ಲ.

ಕೊನೆಯ ದಿನ ಬೆಳಗ್ಗೆ ಅವಳು 'ಚಾಡ್' ಎಂದು ಬರೆದ ಫಲಕ ಎತ್ತಿದಳು.

ಈ ಸಲವೂ ಪೀಠದಲ್ಲಿದ್ದ ಚಾರೋನ ಕಣ್ಣು ಅದರ ಮೇಲೆ ಹಾದು ಮುಂದಕ್ಕೆ ಹೋಯಿತು. "ಫ್ರಾನ್ಸ್ ಮಾತಾಡಬಹುದು."

ಮತ್ತೆ ಎತ್ತಿದಳು.

"ನೈಜರ್."

ಮತ್ತೆ. ಮತ್ತೆ...

"ಏನೇ ಇದು, ನಿನ್ನ ಕೈ ಇವನಿಗೆ ಕಾಣಲ್ವಾ?" ಪಕ್ಕದಲ್ಲಿದ್ದ ಗೆಳತಿ ಸೌಮು ಪಿಸುಗುಟ್ಟಿದಳು. "ನಿನ್ನೆ ತನಕ ಕರೀತಾನೇ ಇದ್ನಲ್ಲ!"

ಫ್ರಾನ್ಸ್ ಆಗಿ ಕೂತಿದ್ದವನು ನೈರೋಬಿಯಿಂದ ಅತಿಥಿಯಾಗಿ ಬಂದ ಒಗೊಲಾ. ಮಾತಿನ ಮಲ್ಲ. ವಾಕೇಶೊಳ ನಿರ್ಣಯಕ್ಕೆ ಅವನೊಂದು ತಿದ್ದುಪಡಿ ತಂದ. ಆ ತಿದ್ದುಪಡಿಯಲ್ಲಿ ಕಾಲುವೆ ಮೊದಲಾಯಿತು, ದಂಡೆಯ ಜನ ಕೊನೆಗೆ ಹೋದರು. ಉತ್ತರ ಕೊಡಬೇಕಾದ ಚಾಡ್ ಫಲಕ ಎತ್ತಿಕೊಂಡೇ ಕೂತಿತ್ತು.

ಚಹಾದ ಬಿಡುವಿನಲ್ಲಿ ಅವಳು ಚಾರೋನನ್ನು ಮೆಟ್ಟಿಲ ಬಳಿ ಅಡ್ಡಗಟ್ಟಿದಳು.

"ಚಾರೋ, ನಾನು ಕಾಣ್ತಿಲ್ವಾ ನಿಂಗೆ?"

"ಇಲ್ಲಿ ಬೇಡ ವಾಕೇಶೊ... ಯಾರಾದ್ರೂ ನೋಡ್ತಾರೆ."

"ನೋಡಿದ್ರೆ ಏನಾಯ್ತು? ನಾಚಿಕೆನಾ ನನ್ನ ಜೊತೆ ನಿಲ್ಲೋಕೆ?"

ಅವನು ಅತ್ತಿತ್ತ ನೋಡಿ ಒಳಗೆ ಹೋಗಿಬಿಟ್ಟ.

ಹಿಂದಿನ ಸಾಲಿನಲ್ಲಿ ನೈರೋಬಿಯ ದೊಡ್ಡ ಸಭೆಗೆ ಅಧ್ಯಕ್ಷರನ್ನು ಹುಡುಕಲು ಬಂದ ಆಯ್ಕೆದಾರರು ಕೂತಿದ್ದಾರೆ ಎಂಬುದು ಅವಳಿಗೆ ಆಗ ನೆನಪಾಯಿತು. 'ಓ... ಇದಾ ವಿಷಯ! ದೊಡ್ಡವರ ಎದುರಿಗೆ ಈ ಹಳ್ಳಿ ಹುಡುಗಿ ಬೇಡವಾದ್ಲು!' ಪಾಪ, ಬೆಳಗ್ಗೆ ಒಗೊಲಾ ಪೀಠದ ಬಳಿ ಹೋಗಿ ಏನು ಹೇಳಿದ್ದನೆಂದು ಅವಳಿಗೇನು ಗೊತ್ತು?

* * *

ಮಧ್ಯಾಹ್ನ ಒಗೊಲಾ ಎದ್ದು ನಿಂತ.

"ಅಧ್ಯಕ್ಷರೇ, ಚರ್ಚೆ ಮುಗಿಸಿ ನೇರವಾಗಿ ಮತಕ್ಕೆ ಹಾಕಬೇಕೆಂದು ಗೊತ್ತುವಳಿ ಮಂಡಿಸುತ್ತೇನೆ."

ಇಂಥ ಗೊತ್ತುವಳಿ ಬಂದರೆ, ಬೇಡ ಎನ್ನುವ ಇಬ್ಬರ ಮಾತು ಕೇಳಿಯೇ ಮುಂದೆ ಹೋಗಬೇಕು. ಅದು ನಿಯಮ. ವಾಕೇಶೊಳ ಫಲಕ ಮೇಲಕ್ಕೆ ಹೋಯಿತು. ನೆಟ್ಟಗೆ ಎತ್ತಿದ್ದಳು. ಆ ಸಾಲಿನಲ್ಲಿ ಮೇಲಿದ್ದ ಫಲಕ ಅದೊಂದೇ.

ಚಾರೋ ಅವಳತ್ತ ನೋಡಿದ. ನಿಜವಾಗಿಯೂ ನೋಡಿದ. ಆಮೇಲೆ ಕಣ್ಣು ತಗ್ಗಿಸಿದ.

"ವಿರೋಧಿಸಿ ಮಾತಾಡುವವರು ಯಾರೂ ಇಲ್ಲ. ಗೊತ್ತುವಳಿಯನ್ನು ಮತಕ್ಕೆ..."

ವಾಕೇಶೊ ಫಲಕವನ್ನು ಮೇಜಿನ ಮೇಲೆ ಕುಕ್ಕಿದಳು.

ಒಂದೇ ದಾರಿ ಉಳಿದಿತ್ತು. ಪೀಠದ ರೂಲಿಂಗ್ ವಿರುದ್ಧ ಸಭೆಗೇ ಮೇಲ್ಮನವಿ. ಮೂರನೇ ಎರಡು ಭಾಗ ಒಪ್ಪಿದರೆ ರೂಲಿಂಗ್ ಬಿದ್ದುಹೋಗುತ್ತದೆ. ಅದರ ಜೊತೆ ಚಾರೋ ಕೂಡ! ತನ್ನ ಸಭೆಯೇ ತಳ್ಳಿಹಾಕಿದ ಅಧ್ಯಕ್ಷನನ್ನು ನೈರೋಬಿಯವರು ಯಾಕೆ ಕರೆದಾರು?

'ಸುಮ್ಮನಿದ್ರೆ ಅವನ ಕನಸು ಉಳಿಯುತ್ತೆ. ಎದ್ರೆ ನನ್ನ ಮಾತು ಉಳಿಯುತ್ತೆ. ದೇವರೇ, ಯಾವುದನ್ನ ಬಿಡ್ಲಿ?'

ಸೌಮು ಅವಳ ಮೊಣಕೈ ಹಿಡಿದಳು. "ಬೇಡ ಕಣೇ... ಅವನು ಮತ್ತೆ ನಿನ್ನ ಮುಖ ನೋಡಲ್ಲ."

"ಈಗ ನೋಡ್ತಿದಾನಾ ಹೇಳು?"

ವಾಕೇಶೊ ಎದ್ದಳು.

"ಅಧ್ಯಕ್ಷರೇ! ಪೀಠದ ರೂಲಿಂಗ್ ವಿರುದ್ಧ ಚಾಡ್ ಸಭೆಗೆ ಮೇಲ್ಮನವಿ ಸಲ್ಲಿಸುತ್ತದೆ!"

ಉಪಾಧ್ಯಕ್ಷೆ ಮುಂಬುವಾ ಸುತ್ತಿಗೆಗೆ ಕೈ ಚಾಚಿದಳು, ಏಕೆಂದರೆ ಮೇಲ್ಮನವಿಯ ಹೊತ್ತಿನಲ್ಲಿ ಅಧ್ಯಕ್ಷ ಪೀಠ ಬಿಟ್ಟಿಳಿಯಬೇಕು.

"ಅಧ್ಯಕ್ಷರು ತಮ್ಮ ರೂಲಿಂಗನ್ನು ಸಮರ್ಥಿಸಿಕೊಳ್ಳಬಹುದು," ಎಂದಳು ಮುಂಬುವಾ.

ಚಾರೋ ಮೈಕಿನ ಮುಂದೆ ಬಂದು ನಿಂತ. ಹಿಂದಿನ ಸಾಲಿನ ಆಯ್ಕೆದಾರರು ಮುಂದಕ್ಕೆ ಬಾಗಿದರು.

"ಪೀಠಕ್ಕೆ ಚಾಡ್ ಫಲಕ ಕಂಡಿತ್ತು," ಎಂದ.

ಸಭೆಯಲ್ಲಿ ಗುಸುಗುಸು ಎದ್ದಿತು.

"ಈ ಗೊತ್ತುವಳಿಗೆ ಮಾತ್ರ ಅಲ್ಲ. ಬೆಳಗ್ಗೆಯಿಂದ ಪ್ರತಿ ಸಲವೂ ಕಂಡಿತ್ತು. ಆ ಪ್ರತಿನಿಧಿಯನ್ನು ಕರೆದರೆ ಪಕ್ಷಪಾತ ಅಂತಾರೆ ಎಂದು ಬೆಳಗ್ಗೆ ಒಬ್ಬರು ನನ್ನನ್ನು ಎಚ್ಚರಿಸಿದ್ದರು. ಹಾಗೆ ಅನ್ನೋಕೆ... ಕಾರಣವೂ ಇದೆ. ನನ್ನ ಮನಸ್ಸಿನ ವಿಷಯ ಅದು, ಅವರ ತಪ್ಪಲ್ಲ. ಆದರೆ ಪಕ್ಷಪಾತಿ ಅನ್ನಿಸಿಕೊಳ್ಳೋ ಭಯಕ್ಕೆ ನಾನು ಅನ್ಯಾಯ ಮಾಡಿದೆ. ಈ ರೂಲಿಂಗ್ ತಪ್ಪು. ದಯವಿಟ್ಟು ಎಲ್ಲರೂ ಪೀಠದ ವಿರುದ್ಧ ಮತ ಹಾಕಿ."

ವಾಕೇಶೊ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾಚಿಕೆ ಅಲ್ಲ... ಭಯ! ಎಂಥ ಪೆದ್ದ ಇವನು! ಎಂಥ ಒಳ್ಳೆಯ ಪೆದ್ದ!

"ರೂಲಿಂಗ್ ತಳ್ಳಿಹಾಕುವವರು?" ಮುಂಬುವಾ ಕೇಳಿದಳು.

ಮೊದಲು ನೈಜರ್ ಎದ್ದಿತು. ಆಮೇಲೆ ಬ್ರೆಜಿಲ್, ಈಜಿಪ್ಟ್, ಜಪಾನ್... ಸಾಲು ಸಾಲಾಗಿ ಫಲಕಗಳು ಮೇಲೆದ್ದವು. ಕೊನೆಗೆ ಒಗೊಲಾ ತಲೆ ಕೆರೆದುಕೊಂಡು ಫ್ರಾನ್ಸಿನ ಫಲಕವನ್ನೂ ಎತ್ತಿದ!

"ರೂಲಿಂಗ್ ಬಿದ್ದಿದೆ. ಚಾಡ್ ಮಾತಾಡಬಹುದು."

ಅವಳು ಮಾತಾಡಿದಳು, ಅಬ್ಬಾ! ಇಡೀ ದಿನ ನುಂಗಿಕೊಂಡದ್ದೆಲ್ಲ ಹೊರಬಂತು. ದೋಣಿ ಕಟ್ಟುತ್ತಿದ್ದ ಗೂಟ ಈಗ ಒಣನೆಲದ ನಡುವೆ ನಿಂತಿದೆ ಎಂದಳು. ಅದೇ ಗೂಟಕ್ಕೆ ಇಂದು ಒಬ್ಬ ಹೆಂಗಸು ಮೇಕೆ ಕಟ್ಟುತ್ತಾಳೆ ಎಂದಳು. "ಇಲ್ಲಿ ಯಾರಿಗೂ ಅವಳ ಕೈ ಕಾಣುತ್ತಿಲ್ಲ. ಕಾಲುವೆ ಬೇಡ ಅಂತ ಚಾಡ್ ಹೇಳುತ್ತಿಲ್ಲ. ಅವಳನ್ನು ಕೇಳದೆ ಚರ್ಚೆ ಮುಗಿಸಬೇಡಿ ಅನ್ನುತ್ತಿದೆ, ಅಷ್ಟೇ!"

ಚರ್ಚೆ ಮುಗಿಸುವ ಗೊತ್ತುವಳಿ ನೆಲ ಕಚ್ಚಿತು. ಸಂಜೆಯ ಹೊತ್ತಿಗೆ ತಿದ್ದುಪಡಿಯೂ ಬಿತ್ತು. ವಾಕೇಶೊಳ ನಿರ್ಣಯ ಚಪ್ಪಾಳೆಯ ನಡುವೆ ಗೆದ್ದಿತು! ವೋಯ್‌ನ ಹುಡುಗರು ಮೇಜು ಕುಟ್ಟಿ ಹಾಡಿದರು, ಸೌಮು ಅಳುತ್ತಾ ಕುಣಿದಳು.

ಒಗೊಲಾ ಬಂದು ಕೈ ಚಾಚಿದ. "ಬೆಳಗ್ಗೆ ಅವನ ಕಿವಿ ಊದಿದ್ದು ನಾನೇ ಅಕ್ಕಾ, ತಪ್ಪಾಯ್ತು. ಇಷ್ಟು ಮಾತಾಡ್ತೀಯ ಅಂತ ಗೊತ್ತಿದ್ದಿದ್ರೆ ಇನ್ನೂ ಜೋರಾಗಿ ಊದ್ತಿದ್ದೆ."

"ಪಾಪಿ!" ಎಂದು ನಗುತ್ತಲೇ ಅವನ ಕೈ ಕುಲುಕಿದಳು.

ಆದರೆ ಚಾರೋ ಎಲ್ಲಿ? ಆಯ್ಕೆದಾರರು ಅವನನ್ನು ಒಳಕೋಣೆಗೆ ಕರೆದುಕೊಂಡು ಹೋಗಿದ್ದರು. ಕೋಣೆಯ ಬಾಗಿಲು ತೆರೆಯಲೇ ಇಲ್ಲ.

* * *

ಮಟಾಟು ನಿಲ್ದಾಣದಲ್ಲಿ ವೋಯ್ ಗಾಡಿ ತುಂಬಿತ್ತು. ಕಿಟಕಿ ಪಕ್ಕ ಕೂತ ವಾಕೇಶೊ ದಾರಿಯನ್ನೇ ನೋಡುತ್ತಿದ್ದಳು. ಗೆದ್ದ ಹುಡುಗಿಯ ಮುಖ ಅದಲ್ಲ.

'ನನ್ನಿಂದ ಅವನ ಕನಸು ಹೋಯ್ತು. ಬರಲ್ಲ ಬಿಡು...'

"ಹತ್ತಿ ಹತ್ತಿ, ಹೊರಟ್ವಿ!" ಕಂಡಕ್ಟರ್ ಗಾಡಿಯ ಮೈ ಬಡಿದ.

ಅಷ್ಟರಲ್ಲಿ ಮೋಟಾರ್ ಸೈಕಲ್ಲೊಂದು ಬಂದು ಕಿಟಕಿಯ ಪಕ್ಕಕ್ಕೇ ನಿಂತಿತು. ಹಿಂದೆ ಕೂತಿದ್ದ ಚಾರೋ ಧಡಕ್ಕನೆ ಇಳಿದ. ಟೈ ಬೆನ್ನ ಮೇಲಿತ್ತು.

"ವಾಕೇಶೊ!"

"ಏನಂದ್ರು ಅವರು? ನಿನ್ನ ಬೇಡ ಅಂದ್ರಾ?"

"ಬೇಡ ಅಂದ್ರು." ಅವನು ನಗುತ್ತಿದ್ದ! "ನೈರೋಬಿಯ ಪೀಠಕ್ಕೆ ಬೇರೆಯವರು ಬೇಕಂತೆ. ಚಾಡ್ ಹುಡುಗಿ ಬರ್ತಾಳಾ, ಕೇಳಿ ಬಾ ಅಂತ ನನ್ನೇ ಕಳಿಸಿದಾರೆ."

"ಏನು?!"

"ನಾನು ಪ್ರತಿನಿಧಿಯಾಗಿ ಬರ್ತೀನಿ. ಹಿಂದಿನ ಸಾಲಲ್ಲಿ ಕೂರ್ತೀನಿ."

"ನಿಂಗೆ ಬೇಜಾರಾಗ್ಲಿಲ್ವಾ ಚಾರೋ?"

"ಆಯ್ತು. ಆ ಕೋಣೆಯಿಂದ ಬೀದಿಗೆ ಬರೋ ತನಕ ಆಯ್ತು. ಆಮೇಲೆ ನೀನು ಹೊರಟುಬಿಡ್ತೀಯ ಅನ್ನೋ ಗಾಬರಿನೇ ಜಾಸ್ತಿ ಆಯ್ತು." ಅವನು ಕಿಟಕಿಯ ಅಂಚು ಹಿಡಿದ. "ನಾನು ನಿನ್ನ ಪ್ರೀತಿಸೋದನ್ನ ಯಾರಾದ್ರೂ ಹೇಳಿಬಿಡ್ತಾರೆ ಅಂತ ಹೆದರಿ ನಿನ್ನ ನೋಡೋದೇ ಬಿಟ್ಟಿದ್ದೆ. ಈಗ ನಾನೇ ಹೇಳ್ತೀನಿ. ಪ್ರೀತಿಸ್ತೀನಿ ವಾಕೇಶೊ. ಎಲ್ಲರೂ ಕೇಳಿಸ್ಕೊಳ್ಳಲಿ!"

ಗಾಡಿ ತುಂಬ ಸಿಳ್ಳೆ! ಮುದುಕಿಯೊಬ್ಬಳು "ಉತ್ತರ ಕೊಡೇ ಹುಡುಗಿ, ಬೀದೀಲಿ ನಿಂತಿದಾನೆ" ಎಂದು ಗದರಿದಳು. ವಾಕೇಶೊಳ ಕಣ್ಣಲ್ಲಿ ನೀರು ತುಂಬಿತು. ಇಡೀ ಸಭೆಯನ್ನೇ ಗೆದ್ದವಳಿಗೆ ಈಗ ಒಂದು ಪದವೂ ಸಿಗಲಿಲ್ಲ!

ಗಾಡಿ ಹೊರಟೇಬಿಟ್ಟಿತು. ಚಾರೋ ಹಿಂದೆ ಉಳಿದ. ಅವನ ಮುಂದೆ ಕೈಗಾಡಿಗಳು, ಬಾಳೆಗೊನೆಗಳು, ಜನವೋ ಜನ...

ಆಗ ಅವಳು ಚೀಲಕ್ಕೆ ಕೈಹಾಕಿದಳು. ಸಭಾಂಗಣದಿಂದ ಕದ್ದು ತಂದಿದ್ದು ಅದೊಂದೇ ವಸ್ತು. ಕಿಟಕಿಯಿಂದ ಅರ್ಧ ಮೈ ಹೊರಚಾಚಿ, ಅದನ್ನು ಎಷ್ಟಾಗುತ್ತೋ ಅಷ್ಟೆತ್ತರಕ್ಕೆ ಎತ್ತಿ ಹಿಡಿದಳು.

ಚಾಡ್.

ಆ ಗದ್ದಲದ ನಡುವೆ ಚಾರೋ ಎರಡೂ ಕೈ ಬಾಯಿಗಿಟ್ಟು ಕೂಗಿದ.

"ಕಾಣ್ತಿದೆ! ಚಾಡ್ ಮಾತಾಡಬಹುದು!"

"ನಾನೂ ಕಣೋ!" ಅವಳು ಅಳುತ್ತಾ, ನಗುತ್ತಾ ಕಿರುಚಿದಳು. "ನಾನೂ ನಿನ್ನ ಪ್ರೀತಿಸ್ತೀನಿ!"

ಕಂಡಕ್ಟರ್ ಗಾಡಿಯ ಮೈಯನ್ನು ಜೋರಾಗಿ ಎರಡು ಸಲ ಬಡಿದ. ಗಾಡಿ ನಿಂತಿತು.

"ಇಳಿಯಮ್ಮಾ ತಾಯಿ," ಎಂದ. "ಮಾತಾಡ್ಕೊಂಡು ಬಾ, ಕಾಯ್ತೀವಿ."