ಹೆದರಿದ ಬಿಲ್ಲುಗಾರ್ತಿ

"ಬಿಲ್ಲುಗಾರ್ತಿ ಮಾತೇ ಕೇಳ್ತಿಲ್ಲ," ಎಂದು ಅವಳು ಬೆಳಗಿನ ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿಬಿಟ್ಟಳು. "ಮುಂದೆ ಹೋಗು ಅಂದ್ರೆ ಮರದ ಹಿಂದೇನೇ ನಿಂತಿರ್ತಾಳೆ. ಹೀಗೇ ರಿಲೀಸ್ ಮಾಡಿದ್ರೆ ಜನ ಉಗೀತಾರೆ."

ಗೇಮ್ ಆಡಿ ಆಡಿ ತಪ್ಪು ಹುಡುಕುವುದೇ ಅವಳ ಕೆಲಸ. ಯಾರನ್ನೂ ನೆಮ್ಮದಿಯಾಗಿ ಕೂರಲು ಬಿಡುವುದಿಲ್ಲವೆಂದು ಆಫೀಸಿನಲ್ಲಿ ಅವಳಿಗೆ 'ತಿಗಣೆ' ಎಂದು ಅಡ್ಡಹೆಸರು.

ಮೀಟಿಂಗ್ ಮುಗಿದದ್ದೇ ಡಿಸೈನರ್ ಅವಳ ಮೇಜಿನ ಬಳಿ ಬಂದು ಕುರ್ಚಿ ಎಳೆದುಕೊಂಡ. ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುವ ಅವನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಆ ಹೊತ್ತು ಮೇಷ್ಟ್ರ ಕಿವಿಗಳೆರಡೂ ಕೆಂಪಗಾಗಿದ್ದವು.

"ಅದು ತಪ್ಪಲ್ಲ ಕಣ್ರೀ. ಅವಳಿಗೆ ಹೆದರಿಕೆ."

"ಯಾರಿಗೆ?"

"ಬಿಲ್ಲುಗಾರ್ತಿಗೆ. ಪಕ್ಕದಲ್ಲಿದ್ದವನು ಈಗಷ್ಟೇ ಸತ್ತಿದ್ದಾನೆ. ನೀವು ಹೋಗು ಅಂದ ತಕ್ಷಣ ಹೋಗ್ಬಿಡ್ತಾಳಾ?"

ಅದು ಸರದಿಯ ಯುದ್ಧದ ಆಟ. ಒಂದು ಸರದಿ ನಮ್ಮದು, ಮುಂದಿನದು ಶತ್ರುವಿನದು. ಮೊದಲ ಭಾಗದಲ್ಲಿ ಸೈನಿಕರು ಚದುರಂಗದ ಕಾಯಿಗಳಂತೆ ತಳ್ಳಿದಲ್ಲಿಗೆ ಹೋಗುತ್ತಿದ್ದರು. ಬರಲಿರುವ ಎರಡನೇ ಭಾಗದಲ್ಲಿ ಅವರಿಗೆ ಹೆದರಿಕೆಯಾಗುತ್ತದೆ, ಸ್ನೇಹವಾಗುತ್ತದೆ. ನೆಚ್ಚಿನವರು ಪಕ್ಕದ ಚೌಕಕ್ಕೆ ಬಂದು ನಿಂತರೆ ಧೈರ್ಯ ಮರಳುತ್ತದೆ. ಆಡುವ ಮಂದಿ ಕಾಯುತ್ತಿದ್ದುದೇ ಈ ಹೊಸತಿಗಾಗಿ. ಅದನ್ನು ಅವನು ಹಿಂದಿನ ದಿನವಷ್ಟೇ ಸೇರಿಸಿದ್ದ, ಯಾರಿಗೂ ಹೇಳಿರಲಿಲ್ಲ.

"ಒಂದು ಮಾತು ಮೊದಲೇ ಹೇಳ್ಬಾರ್ದಿತ್ತಾ? ಎಲ್ಲರ ಮುಂದೆ ಮರ್ಯಾದೆ ಹೋಯ್ತು," ಎಂದಳು ಅವಳು.

"ನಿಮ್ದಾ, ನಂದಾ?"

ಅವಳು ಯೋಚಿಸಿದಳು. "ಇಬ್ಬರದೂ ಅನ್ಸತ್ತೆ."

ಅಂದಿನಿಂದ ಹೆದರಿಕೆಯ ಕೆಲಸಕ್ಕೆ ಇಬ್ಬರೂ ಜೊತೆಯಾಗಿ ಕೂತರು. ಅವನು ಕೇಳುವ ಪ್ರಶ್ನೆಗಳು ವಿಚಿತ್ರವಾಗಿರುತ್ತಿದ್ದವು.

"ನಿಮಗೆ ಹೆದರಿಕೆ ಆದ್ರೆ ಏನಾಗತ್ತೆ?"

"ಕೈ ತಣ್ಣಗಾಗತ್ತೆ. ಆಮೇಲೆ... ನಗು ಬರತ್ತೆ."

"ನಗುನಾ?"

"ನೀವು ನಗ್ಬೇಡಿ. ನಮ್ಮಜ್ಜಿ ತೀರಿಕೊಂಡಾಗ್ಲೂ ಕಿಸಕ್ ಅಂದಿದ್ದೆ. ನಮ್ಮಮ್ಮ ಇವತ್ತಿಗೂ ಅದನ್ನೇ ಎತ್ತಿ ಆಡ್ತಾಳೆ."

ಕೆಲವು ದಿನಗಳಾದ ಮೇಲೆ ಗೇಮಿನ ಹೊಸ ಆವೃತ್ತಿ ಬಂತು. ಅವಳು ಹೆಡ್‌ಫೋನ್ ಹಾಕಿ, ಬಿಲ್ಲುಗಾರ್ತಿಗೆ ಮುಂದೆ ಹೋಗಲು ಹೇಳಿದಳು. ಬಿಲ್ಲುಗಾರ್ತಿ ಕೈ ತಣ್ಣಗಾದವಳಂತೆ ಅಂಗೈ ಉಜ್ಜಿಕೊಂಡಳು. ಸಣ್ಣಗೆ ಕಿಸಕ್ಕೆಂದಳು. ಹೋಗಲಿಲ್ಲ.

ಅವಳು ಮತ್ತೊಮ್ಮೆ ಹೇಳಿದಳು. ಮತ್ತೆ ಕಿಸಕ್.

ತಿರುಗಿ ನೋಡಿದರೆ, ಕೋಣೆಯ ಆ ತುದಿಯಲ್ಲಿ ಮೇಷ್ಟ್ರು ಖಾಲಿ ಕಾಫಿ ಕಪ್ಪಿನೊಳಗೆ ಭಾರೀ ಗಮನವಿಟ್ಟು ಏನನ್ನೋ ಹುಡುಕುತ್ತಿದ್ದ. ಇಷ್ಟು ಹತ್ತಿರದಿಂದ ತನ್ನನ್ನು ಯಾರೂ ನೋಡಿರಲಿಲ್ಲ. ಖುಷಿಗಿಂತ ಮೊದಲು ಬಂದದ್ದು ದಿಗಿಲೇ.

ಅದೇ ದಿನಗಳಲ್ಲಿ ಅವನ ದನಿ ಒಡೆಯತೊಡಗಿತು. ನೆಗಡಿ ಎಂದ. ಎಸಿ ಎಂದ. ಹೊಸ ಆಟದಲ್ಲಿ ಏನೇನಿದೆ ಎಂದು ಲೈವ್ ಶೋನಲ್ಲಿ ಜನರಿಗೆ ತೋರಿಸುವವನು ಅವನೇ ಆಗಿದ್ದರಿಂದ, ಮ್ಯಾನೇಜರ್ ಬಲವಂತವಾಗಿ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿಂದ ಬಂದವನು ಅವಳನ್ನು ಮೆಟ್ಟಿಲ ಬಳಿ ಕರೆದ.

"ಗಂಟಲಲ್ಲಿ ಒಂದು ಗಂಟಿದೆಯಂತೆ. ತೆಗೆದು ಟೆಸ್ಟಿಗೆ ಕಳಿಸ್ತಾರೆ. ದನಿ ಮೊದಲಿನ ಹಾಗೆ ಇರತ್ತೋ ಇಲ್ವೋ ಹೇಳಕ್ಕಾಗಲ್ಲ ಅಂದ್ರು."

"ಟೆಸ್ಟು ಅಂದ್ರೆ..." ಕ್ಯಾನ್ಸರ್ ಎಂಬ ಪದ ಅವಳ ಬಾಯಿಗೆ ಬರಲಿಲ್ಲ.

"ಹ್ಞಾಂ. ಅದೇ." ಅವನು ಕಂಬಿ ಹಿಡಿದುಕೊಂಡ. "ಆಪರೇಷನ್ನು ಶೋ ದಿನಾನೇ. ಶೋ ಡೇಟ್ ಹೊರಗೆ ಹೇಳಿಯಾಗಿದೆ, ಮುಂದೂಡಕ್ಕಾಗಲ್ವಂತೆ. ನೀವು ಮಾಡ್ತೀರಾ?"

"ನಾನಾ? ಕ್ಯಾಮೆರಾ ಕಂಡ್ರೆ ನನಗೆ ಕೈಕಾಲೇ ಆಡಲ್ಲ!"

"ಗೊತ್ತು. ಹೆದರಿಕೆ ವಿಷಯ ಹೆದರದೇ ಇರೋರು ಹೇಳಿದ್ರೆ ಯಾರು ನಂಬ್ತಾರೆ?"

ಅವಳು ಒಪ್ಪಿಕೊಂಡಳು. ಆಗ ಅವನು ಅವಳನ್ನೇ ನೋಡುತ್ತ, "ಇನ್ನೊಂದು ಹೇಳೋದಿತ್ತು," ಎಂದ.

ಅವಳು ಕಾದಳು.

"ಬೇಡ ಬಿಡಿ. ಈಗ ಹೇಳಿದ್ರೆ ನಿಮ್ಮನ್ನ ಕಟ್ಟಿಹಾಕಿದ ಹಾಗಾಗತ್ತೆ. ರಿಪೋರ್ಟ್ ಏನು ಬರತ್ತೋ ಏನೋ."

ಹೇಳಿ ಎನ್ನಬೇಕಿತ್ತು. ನಾನೇ ಹೇಳುತ್ತೇನೆ ಎನ್ನಬೇಕಿತ್ತು. ಬದಲಿಗೆ ಅವಳು ಕಿಸಕ್ಕೆಂದಳು. ಅವನು ನಗಲಿಲ್ಲ. ಅವಳ ತಣ್ಣನೆಯ ಕೈಯನ್ನು ಒಂದು ಕ್ಷಣ ಹಿಡಿದು, ಬಿಟ್ಟು, ಮೆಟ್ಟಿಲಿಳಿದು ಹೋದ.

ಶೋ ದಿನ ಮಧ್ಯಾಹ್ನ ದೀಪಗಳು ಮುಖದ ಮೇಲೆ ಉರಿಯುತ್ತಿದ್ದವು. ಆಸ್ಪತ್ರೆಯಿಂದ ಅವನ ಅಕ್ಕ ಕಳಿಸಿದ ಕೊನೆಯ ಮೆಸೇಜ್ 'ಒಳಗೆ ಕರ್ಕೊಂಡು ಹೋದ್ರು' ಎಂದಷ್ಟೇ. ಆಮೇಲೆ ಸುದ್ದಿಯಿಲ್ಲ.

ಅವಳು ಹೊಸ ಭೂಪಟ ತೋರಿಸಿದಳು. ಸರದಿಯಿಂದ ಸರದಿಗೆ ಬದಲಾಗುವ ಮಂಜು, ಗಾಯಾಳುವನ್ನು ಹೊತ್ತು ಹಿಂದೆ ಸರಿಯುವ ಅವಕಾಶ, ಒಂದೊಂದನ್ನೂ ವಿವರಿಸಿದಳು. ಎರಡು ಬಾರಿ ತೊದಲಿದಳು, ಒಮ್ಮೆ ಕಾರಣವಿಲ್ಲದೆ ನಕ್ಕಳು. ಕೊನೆಗೆ ಬಿಲ್ಲುಗಾರ್ತಿ ಮರದ ಹಿಂದೆ ನಿಂತಳು. ನೋಡುತ್ತಿದ್ದವರಲ್ಲಿ ಯಾರೋ ಪ್ರಶ್ನೆ ಕಳಿಸಿದ್ದರು: ಹೀಗೆ ಹೆದರಿ ನಿಂತವಳನ್ನು ಇಟ್ಟುಕೊಂಡು ಏನು ಮಾಡೋದು?

"ಬೈಬೇಡಿ," ಎಂದಳು ಅವಳು. "ಪಕ್ಕಕ್ಕೆ ಯಾರನ್ನಾದ್ರೂ ಕಳಿಸಿ. ಅವರು ಏನೂ ಮಾಡ್ಬೇಕಾಗಿಲ್ಲ. ಬಂದು ನಿಂತ್ರೆ ಸಾಕು."

ಹೇಳುತ್ತಿದ್ದಂತೆ ಅವಳಿಗೆ ಹೊಳೆಯಿತು: ಅಲ್ಲಿ ಅವನು ಒಬ್ಬನೇ ಮಲಗಿದ್ದಾನೆ, ಇಲ್ಲಿ ತಾನು ಮಾತಾಡುತ್ತಿದ್ದೇನೆ.

ಶೋ ಮುಗಿದಾಗ ಚಪ್ಪಾಳೆ ಕೇಳಲೂ ಅವಳು ನಿಲ್ಲಲಿಲ್ಲ. ಕಾಲರಿನ ಮೈಕನ್ನೂ ತೆಗೆಯದೆ ಬೀದಿಗಿಳಿದು ಸಿಕ್ಕ ಆಟೋ ಹತ್ತಿದಳು. ಪ್ರತಿ ಸಿಗ್ನಲ್ಲಿನಲ್ಲೂ ಫೋನ್ ತೆಗೆದು ನೋಡಿದಳು.

ವಾರ್ಡಿನ ಬಾಗಿಲಲ್ಲಿ ಅಕ್ಕ ಮೂಗೊರೆಸಿಕೊಳ್ಳುತ್ತ ನಿಂತಿದ್ದರು. ಅವಳು ಅಲ್ಲೇ ನಿಂತು ಅವರ ಮುಖವನ್ನೇ ನೋಡಿದಳು.

"ಅಯ್ಯೋ, ಹಾಗೆ ನೋಡ್ಬೇಡ. ಚೆನ್ನಾಗಿದ್ದಾನೆ. ಗಂಟು ಪೂರ್ತಿ ಬಂತಂತೆ. ರಿಪೋರ್ಟ್ ಮುಂದಿನ ವಾರ. ಅಲ್ಲಿವರೆಗೂ ತುಟಿ ಪಿಟಕ್ ಅನ್ನೋ ಹಾಗಿಲ್ಲ."

ಅವನು ದಿಂಬಿಗೊರಗಿ ಕೂತಿದ್ದ. ಅವಳನ್ನು ಕಂಡು ಕಣ್ಣರಳಿಸಿದ. ಆಮೇಲೆ ಅಕ್ಕನ ಕಡೆ ತಿರುಗಿ ಹುಬ್ಬು ಹಾರಿಸಿದ.

"ಈಗಲೇನಾ? ರಿಪೋರ್ಟ್ ಬರಲಿ ಅಂತಿದ್ದೆಯಲ್ಲೋ?" ಅಕ್ಕ ಗೊಣಗಿದರು. "ಒಳಗೆ ಹೋಗೋ ಮುಂಚೆ ನನಗೆ ಒಪ್ಪಿಸಿ ಹೋಗಿದ್ದಾನೆ ಕಣೇ. ದನಿ ಹೋದ್ರೆ ನಾನು ಹೇಳ್ಬೇಕಂತೆ. ನನಗೋ ನಾಚಿಕೆ." ಅವರು ಗೋಡೆ ನೋಡುತ್ತ ಒಂದೇ ಉಸಿರಿಗೆ ಹೇಳಿದರು: "ಅವನಿಗೆ ನೀನಂದ್ರೆ ತುಂಬಾ ಇಷ್ಟ. ನೀನು ಹತ್ರ ಬಂದು ಕೂತ್ರೆ ಕೆಲಸ ಓಡಲ್ವಂತೆ. ಹೇಳಕ್ಕೆ ಭಯ ಅಂತೆ. ಮದುವೆ ಆಗ್ತೀಯಾ?"

ಅವನು ಗಾಬರಿಯಾಗಿ, ಹಾಗಲ್ಲವೆಂದು ಜೋರಾಗಿ ತಲೆಯಾಡಿಸಿದ.

"ಕೊನೇದು ನಾನು ಸೇರಿಸಿದ್ದು," ಎಂದರು ಅಕ್ಕ. "ಏನೋ? ಬೇಡ್ವಾ?"

ಅವನು ತಲೆಯಾಡಿಸುವುದನ್ನು ನಿಲ್ಲಿಸಿದ. ಅವಳನ್ನು ನೋಡಿದ. ಮೆಲ್ಲಗೆ, ಅಪ್ಪಣೆ ಕೇಳುವವನಂತೆ, ಹೌದೆಂದು ತಲೆದೂಗಿದ.

"ಅಕ್ಕಾ, ರಿಪೋರ್ಟ್ ಏನೇ ಬರಲಿ, ನಾನು ಒಪ್ಪಿದೀನಿ ಅಂತ ಹೇಳಿ ಅವರಿಗೆ."

"ಅವನ ಕಿವಿಗೇನೂ ಆಪರೇಷನ್ ಆಗಿಲ್ಲ ಕಣೇ. ನೀನೇ ಹೇಳು."

ಅವಳ ಎದೆ ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಆ ವಾರವಿಡೀ ಹೊಡೆದುಕೊಳ್ಳುವುದೂ ಇತ್ತು. ಅವಳು ಮಂಚದ ಅಂಚಿನಲ್ಲಿ ಕೂತು, ಮೊದಲ ಬಾರಿಗೆ ಅವನನ್ನು ಏಕವಚನದಲ್ಲಿ ಮಾತಾಡಿಸಿದಳು.

"ನನಗೂ ನೀನಂದ್ರೆ ಇಷ್ಟ ಕಣೋ. ನನಗೂ ತುಂಬಾ ಭಯ. ಸ್ವಲ್ಪ ಆ ಕಡೆ ಸರಿ."